ಪುರಸೈವಾಕ್ಕಂ ರಸ್ತೆ ದಾಟಿಸಿದವರು ಯಾರು

ಮಾಸ್ಟರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭ. ಐದನೆಯ ವಯಸ್ಸಿನಿಂದ ಅವರಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ನನಗೆ ಎರಡೂ ಚೆನ್ನಾಗಿಯೇ ಕಾಣುತ್ತಿದ್ದವು. ಕಣ್ಣಿದ್ದವಳು ಕಣ್ಣಿಲ್ಲದವರನ್ನು ನೋಡಿ ಉರಿದುಕೊಳ್ಳುತ್ತಾಳೆಂದರೆ ಯಾರಿಗಾದರೂ ನಗು ಬರುತ್ತದೆ. ಈಗ ನನಗೂ ಬರುತ್ತದೆ, ಆಗ ಬರುತ್ತಿರಲಿಲ್ಲ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ದೃಷ್ಟಿ ಕಳೆದುಕೊಂಡ ದೊಡ್ಡವರಿಗೆ ಬಿಳಿ ಕೋಲು ಹಿಡಿದು ಒಂಟಿಯಾಗಿ ಓಡಾಡುವುದನ್ನು ಕಲಿಸುವ ಚೆನ್ನೈನ ಒಂದು ಚಿಕ್ಕ ಕೇಂದ್ರದಲ್ಲಿ ನಾವಿಬ್ಬರೂ ಶಿಕ್ಷಕರು. ಅಲ್ಲಿನ ಕ್ರಮದ ಪ್ರಕಾರ ಮೊದಲ ಮೂರು ವಾರ ಮಾಸ್ಟರ್ ಪಾಲು. ಕಾಂಪೌಂಡಿನೊಳಗೆ, ಪಕ್ಕದ ಗಲ್ಲಿಗಳಲ್ಲಿ ಕೋಲು ಬೀಸುವುದು, ಸದ್ದು ಗುರುತಿಸುವುದು. ಆಮೇಲಿನ ದೊಡ್ಡ ರಸ್ತೆ ನನ್ನದು. ವಾಹನಗಳ ನಡುವೆ ರಸ್ತೆ ದಾಟಿಸುವಾಗ ಕಣ್ಣಿರುವ ಶಿಕ್ಷಕರೇ ಜೊತೆಗಿರಬೇಕೆಂದು ನಿಯಮವಿತ್ತು. ಹೀಗಾಗಿ ಬಿಸಿಲು, ಧೂಳು, ಬಸ್ಸಿನ ಹೊಗೆ, ಎದೆ ಡವಡವ ಎಲ್ಲವೂ ನನಗೆ. ಕಲಿತು ಹೊರಡುವ ದಿನ ಮಾತ್ರ ಅವರೆಲ್ಲ ಸ್ವೀಟ್ ಬಾಕ್ಸ್ ಹಿಡಿದುಕೊಂಡು ನೇರವಾಗಿ ಹೋಗುತ್ತಿದ್ದುದು ಮಾಸ್ಟರ್ ಮೇಜಿನ ಹತ್ತಿರ. “ಎಲ್ಲಾ ನಿಮ್ಮ ಪುಣ್ಯ ಮಾಸ್ಟರ್” ಎಂದು ಅವರ ಕೈ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ನೆನಪಾದರೆ, “ಟೀಚರಿಗೂ ಒಂದು ಕೊಡಿ” ಎನ್ನುತ್ತಿದ್ದರು. ಆ ಲಡ್ಡು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಷಾಢದಲ್ಲಿ ಒಂದು ಬೆಳಿಗ್ಗೆ ಮೈಲಾಪೂರಿನಿಂದ ಅತ್ತೆ ಸೊಸೆ ಇಬ್ಬರು ಬಂದರು. ಸೊಸೆಗೆ ಮೂವತ್ತೈದರ ಆಸುಪಾಸು. ನಾಲ್ಕೈದು ವರ್ಷಗಳಲ್ಲಿ ನಿಧಾನವಾಗಿ ದೃಷ್ಟಿ ಹೋಗಿ ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಅತ್ತೆ ನನ್ನ ತಮಿಳು ಎರಡು ವಾಕ್ಯ ಕೇಳಿದ್ದೇ ತಡ, ಹಣೆಬರಹ ಓದಿದವರಂತೆ ನೋಡಿದರು.

“ಅಯ್ಯೋ, ನೀವು ನಮ್ಮೋರಾ? ಯಾವೂರಮ್ಮಾ ನಿಮ್ದು?”

“ದಾವಣಗೆರೆ ರೀ. ಮದುವೆಯಾಗಿ ಇಲ್ಲಿಗೆ ಬಂದೆ.”

“ಹಾಗೆ ಹೇಳಿ. ನಾವು ನಾಲ್ಕು ತಲೆಮುರೆ ಆಯ್ತು ಮದ್ರಾಸಿಗೆ ಬಂದು. ಮನೇಲಿ ಇನ್ನೂ ಕನ್ನಡಾನೇ, ಏನೋ ಒಂಥರಾ ಕನ್ನಡ. ನೋಡೀಮ್ಮಾ, ಇವಳಿಗೆ ಒಂದು ಕೆಲಸ ಸಿಕ್ಕಿದೆ. ನನಗೆ ಮುಟ್ಟಿ ಎರಡೂ ಹೋಗ್ಬಿಡ್ತು, ಬಸ್ ಹತ್ತಕ್ಕೆ ಆಗಲ್ಲ. ಮಗ ಹಾರ್ಬರ್ ಡ್ಯೂಟಿ, ಆರು ಗಂಟೆಗೇ ರಾಯಪುರಂ ಹೊರಟ್ಬಿಡ್ತಾನೆ. ಯಾರು ಕರ್ಕೊಂಡ್ ಹೋಗೋದು ಹೇಳಿ?”

ಮುಟ್ಟಿ ಎಂದು ಅವರು ತಮ್ಮ ಮಂಡಿಗಳನ್ನು ಮುಟ್ಟಿ ತೋರಿಸಿದರು. ಕೆಲಸ ಪುರಸೈವಾಕ್ಕಂನಲ್ಲಿ, ಒಂದು ಲಾರಿ ಸಾಗಣೆ ಕಂಪನಿಯ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಬಸ್ಸಿಳಿದರೆ ಕಚೇರಿ ಎದುರುಗಡೆ, ನಡುವೆ ದೊಡ್ಡ ರಸ್ತೆ. ಅಲ್ಲಿನ ಮ್ಯಾನೇಜರ್ ಐದು ವಾರ ಸಮಯ ಕೊಟ್ಟು ಷರತ್ತನ್ನೂ ಹಾಕಿದ್ದರು. ರಸ್ತೆಯಲ್ಲಿ ಏನಾದರೂ ಆದರೆ ಮಾತು ಕಂಪನಿಗೆ ಬರುತ್ತದೆ. ಆದ್ದರಿಂದ ಆಕೆ ಒಂಟಿಯಾಗಿ ರಸ್ತೆ ದಾಟಿ ಬರುವುದನ್ನು ಮೂರು ದಿನ ತಾನೇ ಗೇಟಿನಲ್ಲಿ ನಿಂತು ನೋಡಬೇಕು. ಯಾರದಾದರೂ ಕೈ ಹಿಡಿದುಕೊಂಡು ಬಂದರೆ ಕೆಲಸವಿಲ್ಲ.

“ದೃಷ್ಟಿ ಹೋದ್ಮೇಲೆ ನನ್ನನ್ನ ಯಾರೂ ಏನೂ ಮಾಡು ಅಂತ ಹೇಳಲ್ಲ ಟೀಚರ್” ಎಂದರು ಸೊಸೆ. “ಕೂತ್ಕೋ, ಕೂತ್ಕೋ ಅಂತಾರೆ. ಈ ಮ್ಯಾನೇಜರ್ ಒಬ್ಬರೇ ಬಾ ಅಂದಿದ್ದು.”

ನಾನು ಅಂದೇ ಸಂಜೆ ಕೇಂದ್ರದ ಹೆಡ್ ಮೇಡಂ ಹತ್ತಿರ ಹೋದೆ. ಹೊಸದಾಗಿ ಬಂದಾಕೆ ಕನ್ನಡದವರು, ಮಾಸ್ಟರಿಗೆ ಕನ್ನಡ ಬಾರದು, ದಿನ ಬೇರೆ ಕಡಿಮೆ, ಮೊದಲಿಂದ ಕೊನೆಯವರೆಗೂ ನಾನೇ ಕಲಿಸುತ್ತೇನೆ ಎಂದೆ. ಮೈಲಾಪೂರಿನಲ್ಲಿ ಹುಟ್ಟಿ ಬೆಳೆದ ಆ ಹೆಂಗಸಿನ ತಮಿಳು ನನ್ನದಕ್ಕಿಂತ ನೂರು ಪಾಲು ಚೆನ್ನಾಗಿತ್ತು ಎನ್ನುವುದನ್ನು ಹೇಳಲಿಲ್ಲ. ಮೇಡಂ ಒಪ್ಪಿದರು. ಹೊರಗೆ ಬರುವಾಗ ಮಾಸ್ಟರ್ ಎದುರಾದರು. “ಹೊಸಬರು ನಾಳೆ ನನ್ನ ಹತ್ತಿರ ಬರುತ್ತಾರಾ ಅಮ್ಮಾ?” ಎಂದು ತಮಿಳಿನಲ್ಲಿ ಕೇಳಿದರು. “ಇಲ್ಲ ಮಾಸ್ಟರ್, ಇವರನ್ನು ಪೂರ್ತಿ ನಾನೇ ನೋಡಿಕೊಳ್ಳುತ್ತೇನೆ” ಎಂದೆ. ಈ ಸಲದ ಸ್ವೀಟ್ ಬಾಕ್ಸ್ ಯಾವ ಮೇಜಿಗೆ ಬರುತ್ತದೆಂದು ಮನಸ್ಸಿನಲ್ಲೇ ನೋಡಿಬಿಟ್ಟಿದ್ದೆ.

ಕೋಲು ಬೀಸುವುದನ್ನು ನಾಲ್ಕೇ ದಿನದಲ್ಲಿ ಮುಗಿಸಿದೆ. ಐದನೆಯ ದಿನ ಪುರಸೈವಾಕ್ಕಂನ ದೊಡ್ಡ ರಸ್ತೆ. ಆ ವರ್ಷ ಅಲ್ಲಿ ಒನ್‌ವೇ ಮಾಡಿದ್ದರಿಂದ ವಾಹನಗಳು ಬಲಗಡೆಯಿಂದ ಮಾತ್ರ ಬರುತ್ತಿದ್ದವು, ಒನ್‌ವೇ ಎಂದರೆ ತಮಗಲ್ಲ ಎಂದುಕೊಂಡ ಆಟೋಗಳನ್ನು ಬಿಟ್ಟು. ಕಚೇರಿಯ ಎದುರಿಗೇ ಜೀಬ್ರಾ ಪಟ್ಟೆ ಬಳಿದಿದ್ದರು. ಅಗಲ ಹದಿನೇಳು ಹೆಜ್ಜೆ, ಆಕೆಯ ನಡಿಗೆಗೆ ಹನ್ನೊಂದು ಎಣಿಕೆ. ರಸ್ತೆ ನೇರವಾಗಿತ್ತು, ಬಹು ದೂರದವರೆಗೆ ಕಾಣುತ್ತಿತ್ತು. ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕದು ಎಂದುಕೊಂಡೆ.

ಕಲಿಸಿದ್ದು ಪುಸ್ತಕದ ಪ್ರಕಾರವೇ. ಕೋಲಿನ ತುದಿಯನ್ನು ಫುಟ್‌ಪಾತಿನ ಅಂಚಿಗೆ ಇಟ್ಟು, ಅಂಚಿಗೆ ಎರಡು ಪಾದವನ್ನೂ ಸರಿಯಾಗಿ ಹೊಂದಿಸಿ ನಿಲ್ಲಬೇಕು. ಒಂದು ವಾಹನದ ಸದ್ದು ಮೊದಲು ಕಿವಿಗೆ ಬಿದ್ದಾಗಿನಿಂದ ಅದು ಎದುರು ಹಾದುಹೋಗುವವರೆಗೆ ಎಣಿಸಬೇಕು. ಎಣಿಕೆ ಹನ್ನೊಂದಕ್ಕಿಂತ ಹೆಚ್ಚಾದರೆ, ಸದ್ದಿಲ್ಲದ ಹೊತ್ತಿನಲ್ಲಿ ಕೋಲನ್ನು ಮುಂದಕ್ಕೆ ಚಾಚಿ, ಎಡಗೈ ಎತ್ತಿ, ನಿಲ್ಲದೆ ಓಡದೆ ದಾಟಬೇಕು. ಮೊದಲೆರಡು ದಿನ ನನ್ನ ಮೊಣಕೈ ಹಿಡಿಸಿಕೊಂಡು ದಾಟಿಸಿದೆ. ಆಮೇಲೆ ಕೈ ಬಿಡಿಸಿದೆ. ಆಮೇಲೆ ಒಂದು ಹೆಜ್ಜೆ ಹಿಂದೆ, ಆಕೆಯ ಬೆನ್ನಿಗೆ ಗೇಣು ದೂರದಲ್ಲಿ ಕೈ ಚಾಚಿಕೊಂಡು ನಿಲ್ಲುತ್ತಿದ್ದೆ. ತಪ್ಪು ಹೆಜ್ಜೆ ಇಟ್ಟರೆ ಸೆರಗನ್ನೋ ಜಡೆಯನ್ನೋ ಹಿಡಿದು ಎಳೆಯಲು.

ಎಳೆಯುವ ಪ್ರಸಂಗವೇ ಬರಲಿಲ್ಲ. ಆಡಿ ತಳ್ಳುಬಡಿ, ಅಂದರೆ ಆಷಾಢದ ರಿಯಾಯಿತಿ ಮಾರಾಟ, ಎಂದು ಬಟ್ಟೆ ಅಂಗಡಿಯವರೆಲ್ಲ ಬಾಗಿಲಿಗೊಂದು ಸ್ಪೀಕರ್ ಕಟ್ಟಿ, ಸೀರೆಯ ರಿಯಾಯಿತಿ ದರವನ್ನು ಊರಿಗೆಲ್ಲ ಕೇಳುವಂತೆ ಕೂಗಿಸುತ್ತಿದ್ದರು. ಆ ಗದ್ದಲದಲ್ಲೂ ಆಕೆ ಸರಿಯಾದ ಹೊತ್ತಿಗೆ ಹೆಜ್ಜೆ ಎತ್ತುತ್ತಿದ್ದರು. ಹತ್ತು ಸಲಕ್ಕೆ ಹತ್ತು ಸಲ. ಎರಡೂವರೆ ವಾರಕ್ಕೆ ಹೆಡ್ ಮೇಡಂ ಬಂದು ನೋಡಿದರು. ಐದು ಸಲ ದಾಟಿಸಿ ತೋರಿಸಿದೆ, ಒಂದೂ ತಪ್ಪಲಿಲ್ಲ. ಮೇಡಂ ಕೇಂದ್ರಕ್ಕೆ ಹಿಂದಿರುಗಿ ಎಲ್ಲರೆದುರು, “ಮೂರು ವಾರದ ಕ್ಲಾಸಿಲ್ಲದೆಯೂ ಇಷ್ಟು ಬೇಗ ಕಲಿಸಬಹುದು ಎಂದಾಯಿತು” ಎಂದರು. ನಾನು ಮಾಸ್ಟರ ಮುಖವನ್ನೇ ನೋಡುತ್ತಿದ್ದೆ. ಅವರು ಹುಬ್ಬು ಗಂಟಿಕ್ಕಿ, “ಅಷ್ಟು ಸ್ಪೀಕರ್ ನಡುವೆ ಏನನ್ನು ಕೇಳಿಸಿಕೊಳ್ಳುತ್ತಾರೆ?” ಎಂದು ಕೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡು ಒಳಗೊಳಗೇ ನಕ್ಕೆ.

ಮಾರನೆಯ ದಿನ ಬೆಳಿಗ್ಗೆ ಎದ್ದರೆ ನನ್ನ ಕಣ್ಣು ಬಿಡಲು ಬರಲಿಲ್ಲ. ಮದ್ರಾಸ್ ಐ. ಊರಿನ ಹೆಸರು ಹೊತ್ತ ಆ ಕಣ್ಣುಬೇನೆ ಮನೆಮನೆಗೂ ಹಬ್ಬಿತ್ತು. ಒಂದು ವಾರ ಕೇಂದ್ರದ ಕಡೆ ಬರಲೇಕೂಡದು ಎಂದರು ಮೇಡಂ. ದಿನ ದಂಡವಾಗಬಾರದೆಂದು, ನಿಯಮವನ್ನು ಸ್ವಲ್ಪ ಸಡಿಲಿಸಿ, ಮಾಸ್ಟರನ್ನೂ ಕೇಂದ್ರದ ಆಯಾಳನ್ನೂ ಆಕೆಯ ಜೊತೆ ಕಳಿಸಿದರು. ಆಯಾಗೆ ಕಣ್ಣು ಸರಿಯಾಗಿತ್ತು, ಅಷ್ಟು ಸಾಕೆಂದು. ನಾನು ಮನೆಯಲ್ಲಿ ಕತ್ತಲೆ ಮಾಡಿಕೊಂಡು ಮಲಗಿದ್ದೆ. ಕಣ್ಣಿನ ಉರಿಗಿಂತ, ನಾನು ಬೆಳೆಸಿದ ಪೈರನ್ನು ಅವರು ಕೊಯ್ದುಕೊಳ್ಳುತ್ತಾರಲ್ಲ ಎಂಬ ಉರಿಯೇ ಹೆಚ್ಚಾಗಿತ್ತು.

ನಾಲ್ಕನೆಯ ದಿನ ಫೋನು ಬಂತು. ಆಕೆಯೇ.

“ಟೀಚರ್, ಏನೋ ಆಗ್ಬಿಟ್ಟಿದೆ ನನಗೆ. ಮೂರು ದಿನದಿಂದ ರೋಡ್ ಪಕ್ಕ ನಿಂತೇ ಇದೀನಿ. ಕಾಲೇ ಎತ್ತಕ್ಕಾಗ್ತಿಲ್ಲ. ಇವತ್ತು ಮನಸ್ಸು ಗಟ್ಟಿ ಮಾಡ್ಕೊಂಡು ಇಳಿದೆ. ನೇರ ಒಂದು ಬೈಕ್ ಎದುರಿಗೆ. ಆಯಾ ಎಳೀಲಿಲ್ಲ ಅಂದ್ರೆ ಅಷ್ಟೇ.” ದನಿ ಒಡೆಯಿತು. “ನೀವಿಲ್ದೆ ನನ್ ಕೈಲಿ ಆಗಲ್ಲ ಟೀಚರ್.”

ಸಮಾಧಾನ ಹೇಳಿ ಫೋನಿಟ್ಟೆ. ಆಕೆಗೆ ಏನಾಗುತ್ತಿತ್ತು ಎಂದು ಮೊದಲು ಹೆದರಬೇಕಿತ್ತು. ನನಗೆ ಮೊದಲು ಆದದ್ದು ಹಾಲು ಕುಡಿದಷ್ಟು ಸಂತೋಷ. ಮಾಸ್ಟರ ಜೊತೆ ಆಗಲಿಲ್ಲ. ನಾನಿಲ್ಲದೆ ಆಗುವುದಿಲ್ಲ. ಆ ಎರಡು ಮಾತನ್ನು ದಿನವಿಡೀ ಬಾಯಲ್ಲಿ ಪೆಪ್ಪರ್‌ಮೆಂಟಿನಂತೆ ಇಟ್ಟುಕೊಂಡಿದ್ದೆ. ಆಕೆ ಸಾಯುವುದರಲ್ಲಿದ್ದರು ಎಂಬುದು ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ.

ವಾರ ಕಳೆದು ಕೆಲಸಕ್ಕೆ ಹೋದ ದಿನ ಮಾಸ್ಟರ್, “ಇವತ್ತು ನಿಮ್ಮ ಜೊತೆ ನಾನೂ ಬರುತ್ತೇನೆ ಅಮ್ಮಾ, ಸುಮ್ಮನೆ ನಿಂತಿರುತ್ತೇನೆ” ಎಂದರು. ನನ್ನ ಗೆಲುವನ್ನು ಕಿವಿಯಾರೆ ಕೇಳಲಿ ಎಂದು ಕರೆದುಕೊಂಡು ಹೋದೆ. ಅದೇ ಪಟ್ಟೆ, ಅದೇ ಸ್ಪೀಕರುಗಳು. ನಾನು ಒಂದು ಹೆಜ್ಜೆ ಹಿಂದೆ, ಮಾಸ್ಟರ್ ನನ್ನ ಪಕ್ಕದಲ್ಲಿ, ಜೊತೆಗೆ ಬಂದಿದ್ದ ಆಯಾ ಆಚೆ ದಡದಲ್ಲಿ. ಆಕೆ ನಾಲ್ಕು ಸಲವೂ ಹೂವಿನಂತೆ ದಾಟಿದರು. ಆಚೆ ದಡದಲ್ಲಿ ಆಕೆ ಆಯಾಳೊಂದಿಗೆ ನೀರು ಕುಡಿಯಲು ನಿಂತಾಗ ಮಾಸ್ಟರ್ ನನ್ನ ಕಡೆ ಮುಖ ಮಾಡಿದರು.

“ಅಮ್ಮಾ, ಕೋಪ ಮಾಡಿಕೊಳ್ಳಬೇಡಿ. ಆಕೆ ವಾಹನ ಕೇಳುತ್ತಿಲ್ಲ. ನಿಮ್ಮ ಬಳೆ ಕೇಳುತ್ತಿದ್ದಾರೆ.”

ನನಗೆ ಅರ್ಥವಾಗಲಿಲ್ಲ.

“ರಸ್ತೆಯಲ್ಲಿ ವಾಹನ ಇರುವವರೆಗೆ ನಿಮ್ಮ ಕೈ ಎಲ್ಲೋ ಎತ್ತಿ ಹಿಡಿದಿರುತ್ತೀರಿ. ಸದ್ದೇ ಇಲ್ಲ. ಖಾಲಿಯಾದ ಕೂಡಲೇ ಕೈ ಇಳಿಸುತ್ತೀರಿ. ಬಳೆ ಒಂದು ಸಲ ಜಲ್ ಎನ್ನುತ್ತದೆ. ಆಕೆ ಹೊರಡುತ್ತಾರೆ. ನಾಲ್ಕಕ್ಕೆ ನಾಲ್ಕು ಸಲ. ಅದು ಆಕೆಗೂ ಗೊತ್ತಿರಲಾರದು.”

ಅಂದು ನನ್ನ ಕೈಗಳಲ್ಲಿ ಒಂದೊಂದು ಡಜನ್ ಹಸಿರು ಗಾಜಿನ ಬಳೆ. ಎಂದೂ ಇದ್ದೇ ಇರುತ್ತಿದ್ದವು. ಮೈಯೆಲ್ಲ ಉರಿದುಹೋಯಿತು. ಸೋತವರು ಕೊನೆಗೆ ಹೆಂಗಸಿನ ಬಳೆಗೆ ಬಂದರಲ್ಲ ಎನ್ನಿಸಿತು. “ನೋಡೇ ಬಿಡೋಣ ಮಾಸ್ಟರ್” ಎಂದೆ.

ಆಕೆಯನ್ನು ಈಚೆಗೆ ಕರೆತಂದು ಮತ್ತೆ ನಿಲ್ಲಿಸಿದೆ. ಕೈಯನ್ನು ಆಕೆಯ ಬೆನ್ನ ಹಿಂದೆ ಎತ್ತಿ ಹಿಡಿದು, ಎರಡು ಬಸ್ಸು ಹೋದ ಮೇಲೆ ರಸ್ತೆ ಪೂರ್ತಿ ಖಾಲಿಯಾದರೂ ಇಳಿಸಲಿಲ್ಲ. ಆಕೆ ಹೊರಡಲಿಲ್ಲ. ಮತ್ತೊಂದು ಸಲ ಖಾಲಿಯಾಯಿತು. ಹೊರಡಲಿಲ್ಲ. ಮೂರನೆಯ ಸಲ ಮಗುವೂ ದಾಟಬಹುದಾದಷ್ಟು ಖಾಲಿ. ಆಕೆ ಕುತ್ತಿಗೆ ಸ್ವಲ್ಪ ಹಿಂದಕ್ಕೆ, ನನ್ನ ಕಡೆಗೆ ವಾಲಿಸಿ ಕಾಯುತ್ತಿದ್ದರು. ನನ್ನ ತೋಳು ಸೋಲುತ್ತಿತ್ತು. ವಾಸಿಯಾಗದ ಕಣ್ಣಲ್ಲಿ ನೀರು ತುಂಬಿ ಕಿರಿಕಿರಿಯಾಯಿತು. ಒರೆಸಿಕೊಳ್ಳಲು ಇನ್ನೊಂದು ಕೈ ಎತ್ತಿದೆ ಅಷ್ಟೇ. ಬಳೆ ಸದ್ದಾಯಿತು, ಆಕೆ ಸರಕ್ಕನೆ ರಸ್ತೆಗೆ ಇಳಿದುಬಿಟ್ಟರು. ಬಲಗಡೆಯಿಂದ ಒಂದು ಷೇರ್ ಆಟೋ ತುಂಬಿಕೊಂಡು ಬರುತ್ತಿತ್ತು. ಜಡೆಗೆ ಕೈ ಹಾಕಿ ಎಳೆದೆ. ಇಬ್ಬರೂ ಫುಟ್‌ಪಾತಿನ ಮೇಲೆ ಕುಕ್ಕರಿಸಿದೆವು. ಆಟೋದವನು ನಮ್ಮ ಮೂವರ ವಂಶವನ್ನೂ ಬೈದುಕೊಂಡು ಹೋದ. ಮಾಸ್ಟರ್ ಎರಡು ಕೈಯನ್ನೂ ಗಾಳಿಯಲ್ಲಿ ಚಾಚಿ, “ಏನಾಯ್ತು? ಇದ್ದೀರಾ? ಇಬ್ಬರೂ ಇದ್ದೀರಾ?” ಎಂದು ಕೂಗುತ್ತಿದ್ದರು.

ಮಾರನೆಯ ದಿನ ಬಳೆಗಳನ್ನು ಮೊಣಕೈವರೆಗೆ ಸರಿಸಿ ಕರ್ಚೀಫು ಕಟ್ಟಿ ನೋಡಿದೆ. ಬಿಚ್ಚಿಡಲು ಮನೆಯಲ್ಲಿ ಒಪ್ಪುವವರಿರಲಿಲ್ಲ, ನನಗೂ ಮನಸ್ಸಿರಲಿಲ್ಲ. ಅರ್ಧ ಗಂಟೆಯಲ್ಲಿ ಆಕೆ ನನ್ನ ಚಪ್ಪಲಿಯ ಸದ್ದಿಗೆ ಹೊರಡತೊಡಗಿದರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ. ನಾನು ಉಸಿರು ಬಿಟ್ಟ ಕೂಡಲೇ ಹೊರಟರು. ಅಲ್ಲಿಗೆ ನನಗೆ ನಂಬಿಕೆ ಬಂತು. ಉಳಿದಿದ್ದುದು ಹತ್ತು ದಿನ.

ಹತ್ತಿರದ ಜ್ಯೂಸ್ ಅಂಗಡಿಯ ಬೆಂಚಿನ ಮೇಲೆ ಆಕೆಯನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಬಳೆ, ಚಪ್ಪಲಿ, ಉಸಿರು.

“ಹಂಗಾದ್ರೆ ಇಷ್ಟು ದಿನ ನಾನು ದಾಟಿದ್ದು?”

“ನೀವು ದಾಟಿಲ್ರಿ. ನಾನು ದಾಟಿಸಿದ್ದು. ನಿಮಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ.”

“ಚುಮ್ಮಾ ಬೊಂಬೆ ಥರ ನಡೀತಿದ್ನಾ?” ಆಕೆ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. “ನಮ್ಮತ್ತೆ ಬೀದಿಗೆಲ್ಲ ಹೇಳಾಯ್ತು ಟೀಚರ್, ನಮ್ ಸೊಸೆ ಒಬ್ಬಳೇ ರೋಡ್ ಕ್ರಾಸ್ ಮಾಡ್ತಾಳೆ ಅಂತ.” ಆಮೇಲೆ, “ಎಲ್ಲಾರ್ಗೂ ಮೊದಲು ಮೂರು ವಾರ ಮಾಸ್ಟರ್ ಕ್ಲಾಸಂತಲ್ಲ? ಆಯಾ ಹೇಳಿದ್ಳು. ನನಗೆ ಮಾತ್ರ ಯಾಕಿಲ್ಲ?” ಎಂದು ಕೇಳಿದರು.

ಭಾಷೆಯ ನೆಪ ನಾಲಿಗೆಯ ತುದಿಯಲ್ಲೇ ಇತ್ತು. ಆಕೆಯ ಮೊಣಕೈ ಹಿಂದಿನ ದಿನ ಬಿದ್ದಾಗ ತರಚಿತ್ತು, ಅಲ್ಲಿ ಹಚ್ಚಿದ ಅರಿಶಿನ ಕಾಣುತ್ತಿತ್ತು. ಅದನ್ನು ನೋಡುತ್ತ ಸುಳ್ಳು ಹೇಳಲು ಆಗಲಿಲ್ಲ.

“ಹೊಟ್ಟೆಕಿಚ್ಚಿಗೆ” ಎಂದೆ. “ಎಲ್ಲರೂ ಅವರ ಹೆಸರೇ ಹೇಳ್ತಾರೆ. ನೀವೊಬ್ಬರಾದರೂ ನನ್ನ ಹೆಸರು ಹೇಳಲಿ ಅಂತ.”

ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕೋಲನ್ನು ನೆಲಕ್ಕೆ ಊರಿ, “ಶೆರಿ, ಎದ್ದೇಳಿ. ಮಾಸ್ಟರ್ ಹತ್ರ ಕರ್ಕೊಂಡ್ ಹೋಗಿ. ದಿನ ಕಮ್ಮಿ ಇದೆ” ಎಂದರು. ಎದ್ದು ನಿಂತಾಗ ಎಂದಿನಂತೆ ನನ್ನ ಮೊಣಕೈಗಾಗಿ ಕೈ ಚಾಚಲಿಲ್ಲ.

ಮೇಡಂಗೂ ಹೇಳಿದೆ. ಮಾಸ್ಟರಿಗೂ ಹೇಳಿದೆ, ಹೊಟ್ಟೆಕಿಚ್ಚಿನ ಮಾತು ಬಿಟ್ಟು. ಆಕೆಯನ್ನು ಅವರಿಗೆ ಒಪ್ಪಿಸುತ್ತೇನೆ, ದೊಡ್ಡ ರಸ್ತೆಯೂ ಸೇರಿ, ಎಂದು ಬಾಯಿಬಿಟ್ಟು ಹೇಳುವಾಗ ಹೆತ್ತ ಕೂಸನ್ನು ಸವತಿಯ ಮಡಿಲಿಗೆ ಹಾಕಿದಂತಿತ್ತು. ಅವರು ನನ್ನಲ್ಲಿ ಇಲ್ಲದ ಯಾವುದನ್ನು ಕಲಿಸುತ್ತಾರೆಂದು ನೋಡಲು ದಿನವೂ ಜೊತೆಗೆ ಹೋದೆ.

ಎರಡು ದಿನ ಅವರು ಆಕೆಯನ್ನು ರಸ್ತೆಗೆ ಇಳಿಸಲೇ ಇಲ್ಲ. ಫುಟ್‌ಪಾತಿನ ಮೇಲೆ ಎರಡು ಸ್ಟೂಲು ಹಾಕಿಸಿ ಪಕ್ಕಪಕ್ಕ ಕೂತರು. ಈಗ ಹೋದದ್ದು ಏನು? ಬಸ್. ತುಂಬಿತ್ತೋ ಖಾಲಿಯೋ? ಈಗ? ಆಟೋ. ನಮ್ಮ ಹತ್ತಿರವೋ ಆ ಕಡೆಯೋ? ಈಗ? “ಏನೂ ಇಲ್ಲ ಮಾಸ್ಟರ್” ಎಂದರು ಆಕೆ. “ಒಂದು ಸೈಕಲ್ ಹೋಯಿತು” ಎಂದರು ಮಾಸ್ಟರ್. ಮೂರನೆಯ ದಿನ ಅವರು, “ಈ ಜಾಗ ಬೇಡ. ಇಲ್ಲಿ ನನಗೇ ಸೈಕಲ್ ಅರ್ಧಕ್ಕರ್ಧ ಕೇಳುವುದಿಲ್ಲ. ಪಟ್ಟೆ ಬಳಿದಿದ್ದಾರೆ ಎಂದು ಯಾವ ಡ್ರೈವರ್ ನಿಲ್ಲಿಸಿದ್ದಾನೆ?” ಎಂದು ಕೋಲು ಬೀಸುತ್ತ ಬಲಗಡೆಗೆ ನಡೆದರು. ಎಂಬತ್ತು ಹೆಜ್ಜೆ ನಡೆದು ಒಂದು ಶಾಲೆಯ ಉದ್ದನೆಯ ಗೋಡೆಯ ಹತ್ತಿರ ನಿಂತರು. ಅಲ್ಲಿ ಒಂದು ಸ್ಪೀಡ್ ಬ್ರೇಕರ್ ಇತ್ತು. ನಾನು ಅದನ್ನು ಸಾವಿರ ಸಲ ನೋಡಿದ್ದೆ. ಅದರ ಸದ್ದನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಬಸ್ಸು ದೂರದಲ್ಲೇ ಗೇರು ಇಳಿಸುತ್ತಿತ್ತು. ಆಟೋ ಕಿರ್ರೆಂದು ಬ್ರೇಕು ಹಾಕುತ್ತಿತ್ತು. ಮೆತ್ತಗೆ ಬರುವ ಹೊಸ ಕಾರುಗಳೂ ಅಲ್ಲಿ ದಡ್ ದಡ್ ಎಂದು ಎರಡು ಸಲ ಹೆಸರು ಹೇಳಿಕೊಂಡೇ ಹೋಗಬೇಕಿತ್ತು. ಸೈಕಲ್ಲಿನ ಸ್ಟ್ಯಾಂಡು, ಕ್ಯಾರಿಯರು ಗಡಗಡ ಎನ್ನುತ್ತಿದ್ದವು. ಬಟ್ಟೆ ಅಂಗಡಿಗಳು ಹಿಂದೆ ಉಳಿದಿದ್ದರಿಂದ ಸ್ಪೀಕರ್ ಗದ್ದಲವೂ ಕಡಿಮೆ. ಎಲ್ಲ ವಾಹನವೂ ನಿಧಾನವಾಗಿದ್ದರಿಂದ, ಎತ್ತಿದ ಕೈ ಕಂಡರೆ ನಿಲ್ಲಿಸಲು ಡ್ರೈವರಿಗೂ ಸುಲಭ. ಕಣ್ಣಿಗೆ ಚೆನ್ನಾಗಿ ಕಾಣುವ ಜಾಗವನ್ನು ನಾನು ಕಣ್ಣಿಲ್ಲದವರಿಗೆ ಆರಿಸಿ ಕೊಟ್ಟಿದ್ದೆ.

ಇನ್ನು ಮುಂದೆ ಆಯಾ ಆಕೆಯ ಹಿಂದೆ, ಮಾಸ್ಟರ್ ಪಕ್ಕದಲ್ಲಿ. ನನ್ನನ್ನು ರಸ್ತೆಯ ಆಚೆ ನಿಲ್ಲಿಸಿದರು. “ನಿಮ್ಮಿಂದ ಸದ್ದು ಬರಬಾರದು. ಅಪಾಯ ಕಂಡರೆ ಮಾತ್ರ ಕೂಗಿ. ಕನ್ನಡದಲ್ಲಿ ಕೂಗಿ, ಈ ಬೀದಿಯಲ್ಲಿ ಬೇರೆ ಯಾರೂ ಕನ್ನಡ ಕೂಗುವುದಿಲ್ಲ” ಎಂದರು. ಆಚೆ ನಿಂತು ನೋಡಿದೆ. ಅವರಿಬ್ಬರೂ ಬಲಕ್ಕೆ ಕಿವಿಯಿಟ್ಟು ಒಂದೇ ಸಲ ತಲೆದೂಗುತ್ತಿದ್ದರು. ಏನೋ ಹೇಳಿಕೊಂಡು ನಗುತ್ತಿದ್ದರು. ನನ್ನ ಜೊತೆ ಆಕೆ ಯಾವತ್ತೂ ರಸ್ತೆಯ ಅಂಚಿನಲ್ಲಿ ನಕ್ಕಿರಲಿಲ್ಲ. ಮಾಸ್ಟರಿಗೂ ಆಕೆಯಂತೆ ಕಿವಿಯೊಂದೇ, ನನ್ನ ಬಳೆಯಂತೆ ತಿಳಿಯದೆ ಸುಳಿವು ಕೊಡಲು ಅವರಿಗೆ ಕಾಣುವ ಕಣ್ಣಿರಲಿಲ್ಲ. ಇದೆಲ್ಲ ಅರ್ಥವಾದ ಮೇಲಾದರೂ ಹೊಟ್ಟೆಕಿಚ್ಚು ಹೋಗಬೇಕಿತ್ತಲ್ಲ. ಇನ್ನೂ ಹೆಚ್ಚಾಯಿತು. ಮೊದಲು ನನಗಿದ್ದುದು ಲಡ್ಡುವಿನ ಮೇಲಿನ ಹೊಟ್ಟೆಕಿಚ್ಚು, ಈಗ ಅವರ ಕಿವಿಯ ಮೇಲೆಯೇ.

ಐದನೆಯ ದಿನ ಆಕೆ ಮೊದಲ ಸಲ ತಾನಾಗಿ ದಾಟಿದರು. ನನ್ನ ಎದುರಿಗೇ ಬಂದು ಕೋಲು ಅಂಚಿಗೆ ತಾಗಿತು. ನಾನು ಉಸಿರು ಕಟ್ಟಿ ನಿಂತಿದ್ದೆ. ಆರನೆಯ ದಿನ ತಪ್ಪು ದಾರಿಯಲ್ಲಿ ಆಟೋ ಒಂದು ಎಡಗಡೆಯಿಂದ ನುಗ್ಗಿತು. “ನಿಲ್ರೀ!” ಎಂದು ಕಿರುಚಿದೆ. ಆಕೆ ಕಲ್ಲಿನಂತೆ ನಿಂತರು. ಆಟೋ ಕೋಲಿನ ಮುಂದೆ ಹಾದುಹೋಯಿತು. ಆ ಹತ್ತು ದಿನದಲ್ಲಿ ರಸ್ತೆಯಲ್ಲಿ ನಾನು ಆಡಿದ ಒಂದೇ ಮಾತು ಅದು. ಆಮೇಲೆ ಎಡಗಡೆಗೂ ಒಂದು ಕಿವಿ ಇಡುವುದನ್ನು ಮಾಸ್ಟರ್ ಸೇರಿಸಿದರು.

ಮ್ಯಾನೇಜರ್ ನೋಡುವ ಮೂರು ದಿನ ಬಂತು. ನಾವ್ಯಾರೂ ಅಲ್ಲಿರಬಾರದು ಎಂದು ಮಾಸ್ಟರ್ ಕಟ್ಟುನಿಟ್ಟಾಗಿ ಹೇಳಿ, ತಾವು ಕೇಂದ್ರದಲ್ಲೇ ಕೂತರು. ಮೊದಲ ದಿನ ದಾಟಿದರು, ಇಪ್ಪತ್ತು ನಿಮಿಷ ಅಂಚಿನಲ್ಲಿ ಕಾದು. ಎರಡನೆಯ ದಿನವೂ ದಾಟಿದರು. ಮೂರನೆಯ ದಿನ ನನ್ನಿಂದ ತಡೆಯಲಾಗಲಿಲ್ಲ. ಕಚೇರಿಯ ಗೇಟಿನ ಪಕ್ಕ ಪಾತ್ರೆ ಅಂಗಡಿಯೊಂದಿತ್ತು. ಅಲ್ಲಿ ಕುಕ್ಕರ್ ನೋಡುವವಳಂತೆ ನಿಂತೆ.

ಸ್ಪೀಡ್ ಬ್ರೇಕರ್ ಹತ್ತಿರ ಆಕೆ ಅಂಚಿಗೆ ಕೋಲಿಟ್ಟು ನಿಂತದ್ದು ಕಂಡಿತು. ಮ್ಯಾನೇಜರ್ ಗೇಟು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ನೋಡುತ್ತಿದ್ದರು. ಅಷ್ಟರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಬಂದು ಆಕೆಯ ತೋಳು ಹಿಡಿದು ರಸ್ತೆಗೆ ಎಳೆಯತೊಡಗಿದ. ಒಳ್ಳೆಯ ಮನುಷ್ಯ, ಈ ಊರಿನಲ್ಲಿ ಅಂಥವರಿಗೆ ಬರವಿಲ್ಲ. ಅವನ ಕೈ ಹಿಡಿದು ಈಚೆ ಬಂದರೆ ಕೆಲಸ ಹೋಯಿತು. ಆಕೆ ತೋಳು ಕೊಸರಿಕೊಂಡು, ಈಚೆ ದಡಕ್ಕೆ ಕೇಳುವಷ್ಟು ಗಟ್ಟಿಯಾಗಿ, “ವೇಂಡಾಂ ಸಾರ್, ಕೈ ವಿಡುಂಗೋ!” ಎಂದರು, ಬೇಡ, ಕೈ ಬಿಡಿ ಎಂದು. ಮತ್ತೆ ಅಂಚಿಗೆ ಬಂದು ಪಾದ ಹೊಂದಿಸಿದರು. ಎರಡು ಬಸ್ಸು, ಒಂದು ವ್ಯಾನು, ಒಂದು ಸೈಕಲ್ಲು ದಡಬಡ ಎಂದು ಹೋದವು. ಆಕೆ ಎಡಗೈ ಎತ್ತಿ ಇಳಿದರು. ನಡುವೆ ಬಂದ ಬೈಕಿನವನು ಬ್ರೇಕು ಹಾಕಿ ನಿಂತ. ಹದಿನೇಳು ಹೆಜ್ಜೆ ನಾನೂ ಎಣಿಸಿದೆ. ಈಚೆ ಹತ್ತಿ, ಎಂಬತ್ತು ಹೆಜ್ಜೆ ನಡೆದು, ಪಾತ್ರೆ ಅಂಗಡಿಯ ಕೊಡಗಳನ್ನು ಕೋಲಿನಿಂದ ಬಳಸಿ, ನನ್ನನ್ನೂ ಬಳಸಿ ಆಕೆ ಗೇಟು ತಲುಪಿದರು.

“ಪರವಾಗಿಲ್ಲಮ್ಮಾ. ಸೋಮವಾರದಿಂದ ಬನ್ನಿ” ಎಂದರು ಮ್ಯಾನೇಜರ್ ತಮಿಳಿನಲ್ಲಿ. ಆಮೇಲೆ ಕುತೂಹಲಕ್ಕೆ, “ಇಷ್ಟು ಚೆನ್ನಾಗಿ ಯಾರು ಹೇಳಿಕೊಟ್ಟರು?” ಎಂದು ಕೇಳಿದರು.

ನಾನು ಕುಕ್ಕರಿನ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ. ಮಾಸ್ಟರ್ ಎನ್ನುತ್ತಾರೆ, ಎನ್ನಲಿ, ನ್ಯಾಯವಾಗಿ ಅವರದೇ, ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಆದರೂ ಒಂದು ಮೂಲೆಯಲ್ಲಿ ನನ್ನ ಹೆಸರಿಗಾಗಿ ಕಿವಿ ನೆಟ್ಟಗಾಗಿತ್ತು.

“ಯಾರೂ ಇಲ್ಲ ಸಾರ್” ಎಂದರು ಆಕೆ. “ನಾನೇ ಕಲಿತೆ.”

ಕೇಂದ್ರಕ್ಕೆ ಬಂದಾಗ ಮಾಸ್ಟರ್ ಫೋನಿನ ಪಕ್ಕದಲ್ಲೇ ಕೂತಿದ್ದರು. ಹೋಗಬಾರದಿತ್ತು, ಹೋಗಿದ್ದೆ ಎಂದು ಒಪ್ಪಿಕೊಂಡೆ. ಕೆಲಸ ಸಿಕ್ಕಿತು ಎಂದೆ. ಅವರು ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮ್ಯಾನೇಜರ್ ಏನು ಕೇಳಿದರು, ಆಕೆ ಏನೆಂದರು ಎಂಬುದನ್ನೂ ಒಂದಕ್ಷರ ಬಿಡದೆ ಹೇಳಿದೆ. ಹೇಳುತ್ತ ಅವರ ಮುಖವನ್ನೇ ನೋಡುತ್ತಿದ್ದೆ.

“ನಾನೇ ಕಲಿತೆ ಎಂದರಾ?”

“ಹೌದು ಮಾಸ್ಟರ್.”

“ನನ್ನ ಹೆಸರು ಹೇಳಲಿಲ್ಲವಾ?”

“ಇಲ್ಲ. ನನ್ನದೂ ಇಲ್ಲ.”

ಅವರ ಮುಖ ಇಷ್ಟಗಲವಾಯಿತು. ಕೈಯಲ್ಲಿದ್ದ ಕೋಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಅದೇ ಸರಿಯಾದ ಉತ್ತರ ಅಮ್ಮಾ. ಹಾಗೆ ಹೇಳಿದರೇ ನಾವು ಕಲಿಸಿದ್ದು ಸರಿ” ಎಂದರು. ಮಡಿಸಿದ ಕೋಲನ್ನು ಮೇಜಿನ ಮೇಲಿಟ್ಟು, “ಆದರೂ…” ಎಂದು ಅಲ್ಲಿಗೇ ನಿಲ್ಲಿಸಿದರು.

ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ. ಮೂರು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದರೂ ಹಾಗೆ ಕೂತದ್ದು ಅದೇ ಮೊದಲು.